ಜೂನೋ ಬಗ್ಗೆ ಹೆದರಬೇಡಿ

ಆತ್ಮೀಯರೇ,

ಜೂನೋ ಕ್ಷುದ್ರಗ್ರಹ ಭೂಮಿಗೆ ಬಡಿಯಲಿದೆ ಎಂಬ ಸಂದೇಶ ನಿನ್ನೆಯಿಂದ ನಮ್ಮ ಗುಂಪಿನಲ್ಲೂ ಓಡಾಡುತ್ತಿದೆ. ದಯವಿಟ್ಟು ಅಳಿಸಿಬಿಡಿ, ಕುವೆಂಪುನಗರದ ಮಕ್ಕಳಿಬ್ಬರು ರಾತ್ರಿ ನಿದ್ದೆಯನ್ನೇ ಮಾಡಿಲ್ಲವಂತೆ. ಮಂಗಳ, ಗುರುಗಳ ನಡುವೆ ಸುತ್ತುವ ಈ ಕಲ್ಲಿನ ಕಾಯ ಸೂರ್ಯನಿಗೆ ಅತಿ ಸಮೀಪ ಬಂದಾಗಲೂ ಅವನಿಂದ ಸುಮಾರು 30 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ. ನಾವಿರುವುದು 15 ಕೋಟಿಯಲ್ಲಿ. ದಾರಿಗಳು ಕೂಡುವುದೇ ಇಲ್ಲ! ಕಕ್ಷೆ ನೀಳವಾದದ್ದು, ದೂರದ ತುದಿ 50 ಕೋಟಿಯಷ್ಟಿದೆ. ಒಂದು ಸುತ್ತಿಗೆ 4.36 ವರ್ಷ, ತನ್ನ ಸುತ್ತ ತಿರುಗಲು ಏಳು ಗಂಟೆ ಚಿಲ್ಲರೆ. ಅಡ್ಡಳತೆ ಸುಮಾರು 250 ಕಿಲೋಮೀಟರ್, ಮೈಸೂರಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಷ್ಟು.

ಶನಿವಾರ ಸಂಜೆ ಮಕ್ಕಳನ್ನು ನಮ್ಮ ಮನೆಯ ತಾರಸಿಗೆ ಕರೆತನ್ನಿ. ಕಕ್ಷೆಯನ್ನು ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತೇನೆ.