ಸವಳು ಹೊಲದ ಬ್ಯಾಕ್ಟೀರಿಯಾ: ನೆನೆಯಬೇಕಾದವರು

ತುಂಗಭದ್ರಾ ಅಚ್ಚುಕಟ್ಟಿನ ಸವಳು ಹೊಲವೊಂದರಲ್ಲಿ ಸಿಕ್ಕ ಕ್ಷಾರಪ್ರಿಯ ಬ್ಯಾಕ್ಟೀರಿಯಾ ಹೊಸ ಪ್ರಭೇದವೆಂದು ನಮ್ಮ ಪ್ರಬಂಧದ ಪರಿಶೀಲಕರು ಒಪ್ಪಿದ್ದಾರೆ. ಹೆಸರು ಅಚ್ಚಾಗುವ ತನಕ ಅದನ್ನಿಲ್ಲಿ ಬರೆಯುವುದಿಲ್ಲ. ನೆರವಾದವರನ್ನು ನೆನೆಯಲು ಅಡ್ಡಿಯೇನಿಲ್ಲ.

ಮೊದಲ ನಮಸ್ಕಾರ ಹೊಲದ ಒಡೆಯರಿಗೆ. ಬೇಸಿಗೆಯಲ್ಲಿ ಬಿಳಿ ಪೊರೆ ಕಟ್ಟುವ ಮೂಲೆಯನ್ನು ತೋರಿಸಿ, ಮಾದರಿ ತೆಗೆಯುವವರೆಗೂ ಅಲ್ಲಿಗೆ ಜಿಪ್ಸಂ ಹಾಕದೆ ತಡೆದರು. ಹಾಕಿದ್ದರೆ ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿನ ಕಾರ್ಬೊನೇಟನ್ನು ಹಿಡಿದು ಕೂರಿಸಿ ಪಿಎಚ್ (ಕ್ಷಾರತೆಯ ಅಳತೆ; 7 ಎಂದರೆ ತಟಸ್ಥ) ಇಳಿಸಿಬಿಡುತ್ತಿತ್ತು.

ದೊಡ್ಡ ಋಣ ಮಾಧ್ಯಮ, ಅಂದರೆ ಬ್ಯಾಕ್ಟೀರಿಯಾದ ಊಟ, ತಯಾರಿಸುವ ಕೋಣೆಯವರದು. ಕ್ಷಾರಪ್ರಿಯಗಳಿಗೆ ಬಳಸುವ ಹೊರಿಕೋಶಿ ಮಾಧ್ಯಮದ ಪಟ್ಟಿ ಓದಲು ಸುಲಭ: ಲೀಟರಿಗೆ ಗ್ಲೂಕೋಸ್ 10 ಗ್ರಾಂ, ಪೆಪ್ಟೋನ್ 5, ಯೀಸ್ಟ್ ಸಾರ 5, ಡೈಪೊಟ್ಯಾಸಿಯಂ ಫಾಸ್ಫೇಟ್ 1, ಮೆಗ್ನೀಸಿಯಂ ಸಲ್ಫೇಟ್ 0.2, ಸೋಡಿಯಂ ಕಾರ್ಬೊನೇಟ್ 10, ಗಟ್ಟಿಗೊಳಿಸಲು ಅಗರ್ 20. ಎಲ್ಲವನ್ನೂ ಒಂದೇ ಫ್ಲಾಸ್ಕಿಗೆ ಸುರಿದು ಆಟೋಕ್ಲೇವ್ ಮಾಡಿದರೆ (ಒತ್ತಡದ ಹಬೆಯಲ್ಲಿ ಕಾಯಿಸಿ ಕ್ರಿಮಿಶುದ್ಧಿ ಮಾಡಿದರೆ) ಕೆಟ್ಟಿತು: ಗ್ಲೂಕೋಸ್ ಕಂದಾಗುತ್ತದೆ, ಮೆಗ್ನೀಸಿಯಂ ಗಸಿಯಾಗಿ ಕೂರುತ್ತದೆ, ಅಗರ್ ಸರಿಯಾಗಿ ಗಟ್ಟಿಯಾಗದು. ಅವರು ಉಳಿದದ್ದನ್ನೆಲ್ಲ 900 ಮಿಲಿಲೀಟರಿನಲ್ಲಿ, ಕಾರ್ಬೊನೇಟನ್ನು 100ರಲ್ಲಿ ಬೇರೆ ಬೇರೆಯಾಗಿ ಆಟೋಕ್ಲೇವ್ ಮಾಡಿ, ಸುಮಾರು 60 ಡಿಗ್ರಿಗೆ ಇಳಿದಾಗ ಬೆರೆಸಿದರು. ಪ್ಲೇಟುಗಳನ್ನು ಬಿಗಿಯಾಗಿ ಸುತ್ತಿಟ್ಟರು. ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಪಿಎಚ್ ಕುಸಿಯುತ್ತದೆ. ಬ್ಯಾಕ್ಟೀರಿಯಾ ಬೆಳೆದ ಮೇಲೂ ಪಿಎಚ್ ಅಳೆದು ಬರೆದಿಟ್ಟರು. ಆ ಕಾಲಂ ಇಲ್ಲದಿದ್ದರೆ ‘ಪಿಎಚ್ 10ರಲ್ಲಿ ಬೆಳೆಯುತ್ತದೆ’ ಎಂಬ ಮಾತನ್ನು ಯಾಕೆ ನಂಬಬೇಕು?

ಹತ್ತಿರದ ಪ್ರಭೇದಗಳ ಮಾದರಿ ತಳಿಗಳನ್ನು (ಪ್ರಭೇದದ ಹೆಸರಿಗೆ ಆಧಾರವಾದ ತಳಿಗಳನ್ನು) ಕಳಿಸಿಕೊಟ್ಟ ಸೂಕ್ಷ್ಮಜೀವಿ ಸಂಗ್ರಹಗಳಿಗೂ ಕೃತಜ್ಞತೆ. ಅವನ್ನೂ ಹೊಸದನ್ನೂ ಒಂದೇ ಮಾಧ್ಯಮದಲ್ಲಿ, ಒಂದೇ ಉಷ್ಣತೆಯಲ್ಲಿ ಬೆಳೆಸಿ ಬೆಳವಣಿಗೆಯ ಒಂದೇ ಹಂತದಲ್ಲಿ ತೆಗೆಯದಿದ್ದರೆ ಅವುಗಳ ಜೀವಕೋಶದ ಕೊಬ್ಬಿನಾಮ್ಲಗಳ ವ್ಯತ್ಯಾಸ ಪ್ರಭೇದದ್ದೋ ಊಟದ್ದೋ ತಿಳಿಯದು.

ಜೀನೋಮ್ ನೋಡಿಕೊಟ್ಟ ಗೆಳೆಯರು ಸರಿಯಾಗಿಯೇ ಹಟ ಹಿಡಿದರು. ಬ್ಯಾಕ್ಟೀರಿಯಾ ಗುರುತಿಸಲು ಬಳಸುವ 16ಎಸ್ ಜೀನಿನಲ್ಲಿ ಹತ್ತಿರದ ಪ್ರಭೇದದೊಂದಿಗಿನ ಹೋಲಿಕೆ ಶೇ 98.7ಕ್ಕಿಂತ ಕಡಿಮೆಯಿದ್ದರೆ ಹೊಸದಿರಬಹುದು. ಹೆಚ್ಚಿದ್ದರೆ ಅದೊಂದನ್ನೇ ನಂಬಿ ಹಳೆಯದೆನ್ನಲಾಗದು. ಇಡೀ ಜೀನೋಮಿನ ಸರಾಸರಿ ಹೋಲಿಕೆ ಶೇ 95–96ರ ಗೆರೆಗಿಂತ, ಡಿಜಿಟಲ್ ಡಿಎನ್‌ಎ ಹೋಲಿಕೆ (ಎರಡು ಜೀನೋಮುಗಳನ್ನು ಕಂಪ್ಯೂಟರಿನಲ್ಲಿ ತಾಳೆ ನೋಡುವ ಇನ್ನೊಂದು ಲೆಕ್ಕ) ಶೇ 70ಕ್ಕಿಂತ ಕೆಳಗಿರಬೇಕು.

ಮಾದರಿ ತಳಿಯನ್ನು ಎರಡು ದೇಶಗಳ ಸಂಗ್ರಹಗಳಲ್ಲಿ ಇಡಬೇಕೆಂಬುದು ನಾಮಕರಣದ ನಿಯಮ. ನಮ್ಮ ಮಣ್ಣಿನ ಜೀವಿ ಹೊರದೇಶಕ್ಕೆ ಹೋಗುವಾಗ 2002ರ ಜೀವವೈವಿಧ್ಯ ಕಾಯ್ದೆಯನ್ನೂ ನೋಡಬೇಕು. ಆ ಕಡತವನ್ನು ಬೆನ್ನುಹತ್ತಿದ ಕಚೇರಿ ಸಿಬ್ಬಂದಿಯ ಹೆಸರು ಪ್ರಬಂಧದಲ್ಲಿ ಬರುವುದಿಲ್ಲ, ಬರಬೇಕಿತ್ತು.

ಮುಂದೆ ತಳಿಯನ್ನು ತರಿಸಿಕೊಳ್ಳುವವರಿಗೆ: ಸಾಮಾನ್ಯ ನ್ಯೂಟ್ರಿಯೆಂಟ್ ಅಗರ್‌ಗೆ ಹಾಕಿ ಸತ್ತಿದೆ ಎನ್ನಬೇಡಿ. ಪಿಎಚ್ 7ರಲ್ಲಿ ಇದು ಏಳುವುದೇ ಇಲ್ಲ. ಕಾರ್ಬೊನೇಟನ್ನು ಬೇರೆಯಾಗಿ ಆಟೋಕ್ಲೇವ್ ಮಾಡಿ ಬೆರೆಸಿ.