15ನೇ ನಿಮಿಷದಲ್ಲಿ ಏನಾಯಿತು: ವಿಜ್ಞಾನ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಿಜ್ಞಾನ ಸಚಿವರಿಗೆ,

ನಮಸ್ಕಾರ.

ಸಂಶೋಧನಾ ಅನುದಾನದ ಅರ್ಜಿಯಲ್ಲಿ ಒಂದು ಕಾಲಂ ಇದೆ. 'ಈ ಸಂಶೋಧನೆಯಿಂದ ಯಾವ ರೋಗಕ್ಕೆ, ಎಷ್ಟು ಅವಧಿಯಲ್ಲಿ ಪರಿಹಾರ ಸಿಗುತ್ತದೆ?' ಎಂದು ಅದು ಕೇಳುತ್ತದೆ. ಉತ್ತರಕ್ಕೆ ಬಿಟ್ಟಿರುವುದು ಎರಡು ಸಾಲು. ನಾನು ಉರಿಯೂತದ ಮೇಲೆ ಕೆಲಸ ಮಾಡುವ ಆಣ್ವಿಕ ಜೀವವಿಜ್ಞಾನಿ. ಜೀವಕೋಶದ ಹೊರಬಾಗಿಲಿಗೆ ಬಂದ ಸುದ್ದಿ ಒಳಮನೆಗೆ ಹೇಗೆ ತಲುಪುತ್ತದೆ, ದಾರಿಯಲ್ಲಿ ಯಾರ ಕೈಯಿಂದ ಯಾರ ಕೈಗೆ ದಾಟುತ್ತದೆ ಎಂದು ನೋಡುವುದು ನನ್ನ ಕಸುಬು. ಆ ಎರಡು ಸಾಲುಗಳಲ್ಲಿ ಒಮ್ಮೆ ಸಂಧಿವಾತ, ಒಮ್ಮೆ ಕರುಳಿನ ಉರಿಯೂತ, ಒಮ್ಮೆ ಹೃದ್ರೋಗ ಎಂದು ಸಮಯ ನೋಡಿ ತುಂಬಿಸುತ್ತ ಬಂದಿದ್ದೇನೆ. ಅದು ಸುಳ್ಳು ಎನ್ನಲಾರೆ. ನಿಜವೆಂದು ಎದೆ ತಟ್ಟಿ ಹೇಳಲೂ ಆರೆ. ಈ ಪತ್ರ ಆ ಕಾಲಂ ಕುರಿತದ್ದು.

ಮೊದಲು ನಮ್ಮ ಪ್ರಯೋಗಾಲಯದ ಒಂದು ಪ್ರಸಂಗ ಹೇಳುತ್ತೇನೆ. ಹೊಸದಾಗಿ ಸೇರಿದ ವಿದ್ಯಾರ್ಥಿನಿಯೊಬ್ಬಳಿಗೆ, ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಟಿಎನ್‌ಎಫ್ ಎಂಬ, ಉರಿಯೂತದ ಸುದ್ದಿ ಹೊರುವ ಪ್ರೋಟೀನನ್ನು ಹಾಕಿ, ಕೋಶದೊಳಗಿನ ಐ-ಕಪ್ಪಾ-ಬಿ ಎಂಬ ಇನ್ನೊಂದು ಪ್ರೋಟೀನಿನ ಗತಿ ಏನಾಗುತ್ತದೆಂದು ನೋಡಲು ಹೇಳಿದ್ದೆ. ಜಾಣ ಹುಡುಗಿ, ಕೈಬಿಗಿ ಸ್ವಲ್ಪ ಹೆಚ್ಚು. ಸಾಮಗ್ರಿ ದುಬಾರಿ ಎಂದು ಎರಡೇ ಮಾದರಿ ತೆಗೆದಳು: ಟಿಎನ್‌ಎಫ್ ಹಾಕುವ ಮೊದಲು ಒಂದು, ಹಾಕಿ ಒಂದು ಗಂಟೆ ಕಳೆದ ಮೇಲೆ ಒಂದು. ಜೆಲ್ ಓಡಿಸಿ, ಪ್ರೋಟೀನುಗಳನ್ನು ಪೊರೆಗೆ ಇಳಿಸಿ, ಐ-ಕಪ್ಪಾ-ಬಿಯನ್ನಷ್ಟೇ ಗುರುತಿಸುವ ಪ್ರತಿಕಾಯದಲ್ಲಿ ನೆನೆಸಿ, ಮರುದಿನ ಚಿತ್ರ ತಂದು ನನ್ನ ಮೇಜಿನ ಮೇಲಿಟ್ಟಳು. ಪಟ್ಟೆ ದಪ್ಪವಿದ್ದಷ್ಟೂ ಪ್ರೋಟೀನು ಹೆಚ್ಚು ಎಂದರ್ಥ. ಎರಡು ಕಪ್ಪು ಪಟ್ಟೆ, ಒಂದನ್ನೊಂದು ಅಚ್ಚು ಹಾಕಿದಂತೆ. "ಏನೂ ಆಗಿಲ್ಲ ಮೇಡಂ" ಎಂದಳು.

ಮರುವಾರ ಅದೇ ಪ್ರಯೋಗವನ್ನು 0, 5, 15, 30, 60 ನಿಮಿಷಗಳಿಗೆ ಮಾಡಿಸಿದೆ. ಟೈಮರ್ ಕೂಗಿದಾಗಲೆಲ್ಲ ಒಂದು ತಟ್ಟೆ ಮಂಜುಗಡ್ಡೆಯ ಮೇಲೆ ಬರುತ್ತಿತ್ತು. ಈ ಸಲದ ಚಿತ್ರದಲ್ಲಿ 0ರ ಕೆಳಗೆ ದಪ್ಪ ಪಟ್ಟೆ, 5ರಲ್ಲಿ ತೆಳು. 15ರ ಜಾಗ ಬಿಳಿ. ಪಟ್ಟೆಯ ಸುಳಿವೇ ಇಲ್ಲ. 30ರಲ್ಲಿ ನೆರಳಿನಷ್ಟು. 60ರಲ್ಲಿ ಮತ್ತೆ ಮೊದಲಿನಂತೆ ದಪ್ಪ. ಹುಡುಗಿ ಆ ಬಿಳಿ ಜಾಗವನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು.

ಆ ಬಿಳಿ ಜಾಗದಲ್ಲಿ ನಡೆದದ್ದು ಇಷ್ಟು. ಎನ್‌ಎಫ್-ಕಪ್ಪಾ-ಬಿ ಎಂಬುದು ವಂಶವಾಹಿಗಳನ್ನು ಎಬ್ಬಿಸುವ ಪ್ರೋಟೀನು. ಸಾಮಾನ್ಯ ದಿನಗಳಲ್ಲಿ ಐ-ಕಪ್ಪಾ-ಬಿ ಅದನ್ನು ಕೋಶಕೇಂದ್ರದ ಹೊರಗೆ ಕಟ್ಟಿಹಾಕಿಕೊಂಡಿರುತ್ತದೆ. ಟಿಎನ್‌ಎಫ್ ಬಂದು ಕೋಶದ ಬಾಗಿಲು ತಟ್ಟಿದೊಡನೆ ಒಳಗಿನ ಒಂದು ಕಿಣ್ವ ಐ-ಕಪ್ಪಾ-ಬಿಯ ಮೇಲೆ ಎರಡು ಕಡೆ ಫಾಸ್ಫೇಟಿನ ಗುರುತು ಹಾಕುತ್ತದೆ. ಗುರುತು ಬಿದ್ದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟುತ್ತದೆ. ಚೀಟಿ ಅಂಟಿದ್ದನ್ನು ಪ್ರೋಟಿಯಸೋಮ್ ಎಂಬ ಪೀಪಾಯಿಯಂಥ ಯಂತ್ರ ನುಂಗಿ ಚೂರು ಮಾಡುತ್ತದೆ. ಬಿಡುಗಡೆಯಾದ ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರಕ್ಕೆ ನುಗ್ಗಿ ನೂರಾರು ವಂಶವಾಹಿಗಳನ್ನು ಎಬ್ಬಿಸುತ್ತದೆ. ಬಿಳಿ ರಕ್ತಕಣಗಳಿಗೆ ಕರೆ ಹೋಗುತ್ತದೆ, ರಕ್ತನಾಳಗಳು ಸಡಿಲವಾಗುತ್ತವೆ. ಕೆಂಪು, ಬಿಸಿ, ಊತ, ನೋವು: ರೋಮಿನ ಸೆಲ್ಸಸ್ ಒಂದನೇ ಶತಮಾನದಲ್ಲೇ ಬರೆದಿಟ್ಟ ಉರಿಯೂತದ ನಾಲ್ಕು ಲಕ್ಷಣಗಳ ಹಿಂದೆ ಇಂಥ ಗಡಿಬಿಡಿ ಇರುತ್ತದೆ.

ನನಗೆ ಇಂದಿಗೂ ಸೋಜಿಗವೆನಿಸುವುದು ಮುಂದಿನ ಭಾಗ. ಎಬ್ಬಿಸಿದ ವಂಶವಾಹಿಗಳ ಪಟ್ಟಿಯಲ್ಲಿ ಐ-ಕಪ್ಪಾ-ಬಿಯದೂ ಇರುತ್ತದೆ! ಹೊಸದಾಗಿ ತಯಾರಾದ ಐ-ಕಪ್ಪಾ-ಬಿ ಕೋಶಕೇಂದ್ರದೊಳಗೆ ಹೋಗಿ, ತನ್ನನ್ನು ಹುಟ್ಟಿಸಿದ ಪ್ರೋಟೀನನ್ನೇ ಹಿಡಿದು ಹೊರಗೆ ಎಳೆದುಕೊಂಡು ಬರುತ್ತದೆ. ಬೆಂಕಿ ಹಚ್ಚುವ ಆದೇಶದಲ್ಲೇ ನೀರು ತರುವ ಆದೇಶವೂ ಸೇರಿರುತ್ತದೆ. ಇದೊಂದೇ ಕಾವಲೂ ಅಲ್ಲ. ಎ20 ಎಂಬ ಇನ್ನೊಂದು ಪ್ರೋಟೀನು ಮೇಲಿನ ಹಂತದಲ್ಲೇ ಸಂಕೇತವನ್ನು ಅಡಗಿಸುತ್ತದೆ. ಅದನ್ನು ಕಳೆದುಕೊಂಡ ಇಲಿಗಳು ಅಂಗಾಂಗಗಳಲ್ಲಿ ಉರಿಯೂತ ಹತ್ತಿ ಎಳೆಯ ವಯಸ್ಸಿನಲ್ಲೇ ಸಾಯುತ್ತವೆ. ಸಂಧಿವಾತದ ರೋಗಿಯ ಮೊಣಕಾಲಿನಲ್ಲಿ ನಡೆಯುವುದು ಬೇಲಿಯೇ ಎದ್ದು ಹೊಲ ಮೇಯುವ ಕಥೆ. ಬೇಲಿ ಏಕೆ ಎದ್ದಿತು, ಮತ್ತೆ ಏಕೆ ಕೂರುತ್ತಿಲ್ಲ ಎಂಬುದನ್ನು ನಾವು ನಿಮಿಷ ನಿಮಿಷವಾಗಿ ಹುಡುಕುತ್ತಿದ್ದೇವೆ.

ಸಚಿವರೇ, ನಮ್ಮ ಯೋಜನೆಗಳನ್ನು ನಿಮ್ಮ ವ್ಯವಸ್ಥೆ ಪರಿಶೀಲಿಸುವುದು ನನ್ನ ವಿದ್ಯಾರ್ಥಿನಿಯ ಮೊದಲ ಪ್ರಯೋಗದಂತೆಯೇ ಇದೆ. ಅರ್ಜಿ ಹಾಕಿದ ದಿನ ಒಂದು ಮಾದರಿ, ಮೂರನೇ ವರ್ಷದ ಕೊನೆಯ ದಿನ ಇನ್ನೊಂದು. 'ಹೇಳಿದ್ದೇನು, ಕೊಟ್ಟಿದ್ದೇನು?' ಎರಡೂ ತಾಳೆಯಾದರೆ ಸರಿ, ಇಲ್ಲದಿದ್ದರೆ ಹಣ ಬಂದ್. ನಡುವೆ ಏನು ಕಂಡಿತೆಂದು ಕೇಳುವ ಕಾಲಂ ಇಲ್ಲ.

ಇದೇ ಟಿಎನ್‌ಎಫ್‌ನ ಜಾತಕ ನೋಡಿ. 1975ರಲ್ಲಿ ಅದಕ್ಕೆ ಹೆಸರು ಬಿದ್ದದ್ದೇ 'ಗೆಡ್ಡೆ ಕೊಲ್ಲುವ ಅಂಶ' ಎಂಬರ್ಥದಲ್ಲಿ. ಲಾಯ್ಡ್ ಓಲ್ಡ್ ಅವರ ತಂಡ ಇಲಿಗಳ ಗೆಡ್ಡೆ ಅದರಿಂದ ಕೊಳೆಯುವುದನ್ನು ಕಂಡಿತ್ತು. ಅಂದು ಆ ಕಾಲಂ ತುಂಬಿಸಿದ್ದರೆ 'ಕ್ಯಾನ್ಸರ್' ಎಂದು ಬರೆಯಬೇಕಿತ್ತು. ಇತ್ತ ಬ್ರೂಸ್ ಬ್ಯೂಟ್ಲರ್ ಮತ್ತು ಆಂಟನಿ ಸೆರಾಮಿ ಅವರು ದೀರ್ಘ ಕಾಯಿಲೆಯಲ್ಲಿ ಮೈ ಏಕೆ ಸೊರಗುತ್ತದೆ ಎಂದು ಹುಡುಕಿ ಒಂದು ಪ್ರೋಟೀನನ್ನು ಶುದ್ಧೀಕರಿಸಿದರು. 1985ರಲ್ಲಿ ನೋಡಿದರೆ ಅದೂ ಟಿಎನ್‌ಎಫೇ! ಔಷಧವಾಗಬೇಕಿದ್ದದ್ದೇ ಆರೋಪಿಯಾಯಿತು. ರಕ್ತದ ನಂಜಿನಲ್ಲಿ ಅದನ್ನು ತಡೆದರೆ ರೋಗಿ ಉಳಿಯಬಹುದು ಎಂಬ ಆಸೆಯಿಂದ ನಡೆದ ಪ್ರಯೋಗಗಳು ಒಂದರ ಹಿಂದೆ ಒಂದು ನೆಲಕಚ್ಚಿದವು. ನಿಮ್ಮ ಪರಿಶೀಲನಾ ಸಮಿತಿ ಆಗ ಕುಳಿತಿದ್ದರೆ ಕಡತಕ್ಕೆ 'ವಿಫಲ' ಎಂದು ಷರಾ ಬರೆದು ಮುಚ್ಚುತ್ತಿತ್ತು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ, ಸಂಧಿವಾತದ ರೋಗಿಗಳ ಕೀಲಿನಿಂದ ತೆಗೆದ ಕೋಶಗಳನ್ನು ತಟ್ಟೆಯಲ್ಲಿಟ್ಟು ನೋಡುತ್ತಿದ್ದರು. ಅಲ್ಲಿ ಟಿಎನ್‌ಎಫ್ ಒಂದನ್ನು ತಡೆದರೆ ಅದರ ಬೆನ್ನ ಹಿಂದಿನ ಇತರ ಸಂಕೇತಗಳೂ ಅಡಗುತ್ತಿದ್ದವು. 1992ರಲ್ಲಿ ಆರಂಭವಾದ ಮೊದಲ ಪ್ರಯೋಗದಲ್ಲಿ ಇದ್ದವರು 20 ರೋಗಿಗಳು. ಕೀಲುಗಳ ಊತ ಇಳಿಯಿತು, ನೋವು ತಗ್ಗಿತು. 1998ರ ಹೊತ್ತಿಗೆ ಟಿಎನ್‌ಎಫ್ ತಡೆಯುವ ಔಷಧಗಳು ಅನುಮೋದನೆ ಪಡೆದು ಹೊರಬಂದವು. ಇಂದು ಸಂಧಿವಾತ, ಕರುಳಿನ ಉರಿಯೂತ, ಸೋರಿಯಾಸಿಸ್ ಇರುವ ಲಕ್ಷಾಂತರ ಜನ ಅವನ್ನು ಬಳಸುತ್ತಾರೆ.

ಹಾಗೆಂದು ಅದನ್ನು ರಾಮಬಾಣ ಎನ್ನುತ್ತಿಲ್ಲ. ಟಿಎನ್‌ಎಫ್ ತಡೆದಾಗ ಮೈಯಲ್ಲಿ ಅಡಗಿ ಕುಳಿತ ಕ್ಷಯ ಎದ್ದು ಬರಬಹುದು. ಆದ್ದರಿಂದಲೇ ಔಷಧ ಕೊಡುವ ಮೊದಲು ವೈದ್ಯರು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. 2020ರಲ್ಲಿ ಡೆಕ್ಸಾಮೆಥಸೋನ್ ಎಂಬ ಹಳೆಯ ಸ್ಟೀರಾಯ್ಡ್, ಕೃತಕ ಉಸಿರಾಟದಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಸುಮಾರು ಮೂರನೇ ಒಂದರಷ್ಟು ಇಳಿಸಿತು. ಆಮ್ಲಜನಕವೇ ಬೇಡವಾಗಿದ್ದ ರೋಗಿಗಳಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಅದೇ ಔಷಧ, ಅದೇ ರೋಗ, ಹೊತ್ತು ಮಾತ್ರ ಬೇರೆ. ಉರಿಯೂತವನ್ನು ಶತ್ರು ಎಂದು ಸಾರಿ, ಅದನ್ನು ತಗ್ಗಿಸುವುದಾಗಿ ಹೇಳಿಕೊಂಡು ಏನನ್ನಾದರೂ ಮಾರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಉರಿಯೂತಕ್ಕೆ ಔಷಧವಿಲ್ಲ.

ಎನ್‌ಎಫ್-ಕಪ್ಪಾ-ಬಿಯನ್ನೇ ತೆಗೆದುಕೊಳ್ಳಿ. 1986ರಲ್ಲಿ ಅದನ್ನು ಕಂಡ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಪ್ರತಿಕಾಯ ತಯಾರಿಸುವ ಕೋಶಗಳಲ್ಲಿ ಪ್ರತಿಕಾಯದ ಭಾಗವಾದ 'ಕಪ್ಪಾ' ಸರಪಳಿಯ ವಂಶವಾಹಿ ಹೇಗೆ ಎಚ್ಚರಗೊಳ್ಳುತ್ತದೆ ಎಂದು ನೋಡುತ್ತಿದ್ದರು. ಹೆಸರಿನಲ್ಲಿ ಕಪ್ಪಾ, ಬಿ ಎರಡೂ ಅಲ್ಲಿಂದಲೇ ಬಂದವು. ಯುಬಿಕ್ವಿಟಿನ್ ಚೀಟಿಯ ಗುಟ್ಟು ಹೊರಬಿದ್ದದ್ದು ಕೋಶ ತನ್ನದೇ ಪ್ರೋಟೀನನ್ನು ಕೆಡವಲು ಶಕ್ತಿ ಏಕೆ ಖರ್ಚು ಮಾಡುತ್ತದೆ ಎಂಬ ಪ್ರಶ್ನೆಯಿಂದ. ಹುಡುಕಿದವರಿಗೆ 2004ರಲ್ಲಿ ನೊಬೆಲ್ ಬಂತು. ಅದಕ್ಕೆ ಒಂದು ವರ್ಷ ಮೊದಲೇ, ಪ್ರೋಟಿಯಸೋಮನ್ನು ತಡೆಯುವ ಬೋರ್ಟೆಜೊಮಿಬ್ ಮೂಳೆಮಜ್ಜೆಯ ಕ್ಯಾನ್ಸರಿಗೆ ಔಷಧವಾಗಿತ್ತು. ಇನ್ನು ಟಾಲ್ ವಂಶವಾಹಿ. ಹಣ್ಣುನೊಣದ ಭ್ರೂಣದಲ್ಲಿ ಬೆನ್ನು ಯಾವ ಕಡೆ, ಹೊಟ್ಟೆ ಯಾವ ಕಡೆ ಎಂದು ತೀರ್ಮಾನಿಸುವ ವಂಶವಾಹಿ ಅದು. 1996ರಲ್ಲಿ ಜೂಲ್ಸ್ ಹಾಫ್‌ಮನ್ ಅವರ ತಂಡ, ಟಾಲ್ ಕೆಟ್ಟ ನೊಣಗಳು ಶಿಲೀಂಧ್ರ ತಗುಲಿ ಸಾಯುವುದನ್ನು ತೋರಿಸಿತು. ಆ ಚಿತ್ರ ಮರೆಯುವಂಥದ್ದಲ್ಲ, ಸತ್ತ ನೊಣದ ಮೈಯಿಂದ ಬೂಷ್ಟಿನ ಎಳೆಗಳು ಎದ್ದಿವೆ. ಎರಡು ವರ್ಷದ ನಂತರ ಬ್ಯೂಟ್ಲರ್ ತಂಡ ಇಲಿಯಲ್ಲಿ ಅದರ ದಾಯಾದಿಯನ್ನು ಗುರುತಿಸಿತು. ಬ್ಯಾಕ್ಟೀರಿಯಾದ ಹೊರಕವಚವನ್ನು ಪತ್ತೆ ಹಚ್ಚುವುದು ಅದರ ಕೆಲಸ. ಅಲ್ಲಿಂದ ಹೊರಡುವ ಸಂಕೇತ ಕೊನೆಗೆ ಎನ್‌ಎಫ್-ಕಪ್ಪಾ-ಬಿಯ ಬಾಗಿಲಿಗೇ ಬಂದು ನಿಲ್ಲುತ್ತದೆ. 2011ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು. ನೊಣದ ಹೊಟ್ಟೆ ಬೆನ್ನಿನ ಲೆಕ್ಕಕ್ಕೆ ಆ ಕಾಲಂನಲ್ಲಿ ಯಾವ ರೋಗ ಬರೆಯಬೇಕಿತ್ತು, ನೀವೇ ಹೇಳಿ.

ನಮ್ಮವರ ಅಂದಾಜೂ ತಪ್ಪುತ್ತದೆ, ಅದನ್ನು ಮುಚ್ಚಿಡಲಾರೆ. ಫಾಸ್ಫೇಟಿನ ಗುರುತು ಹಾಕುವ ಕೈನೇಸ್ ಎಂಬ ಕಿಣ್ವಗಳ ಒಂದು ಹೊಸ ಗುಂಪು ಸಿಕ್ಕಾಗ, ಇಂಥವು ಸಾಕಷ್ಟಿವೆ ಎಂಬ ಬೇಸರದಲ್ಲಿ 'ಜಸ್ಟ್ ಅನದರ್ ಕೈನೇಸ್' (ಇನ್ನೊಂದು ಕೈನೇಸ್, ಅಷ್ಟೇ) ಎಂದು ತಮಾಷೆಯಾಗಿ ಕರೆದು 'ಜ್ಯಾಕ್' ಎಂದು ಕಿರಿದು ಮಾಡಿದರು. ಆ ಜ್ಯಾಕನ್ನು ತಡೆಯುವ ಟೋಫಾಸಿಟಿನಿಬ್ 2012ರಲ್ಲಿ ಸಂಧಿವಾತದ ಮಾತ್ರೆಯಾಯಿತು. ಕಂಡುಹಿಡಿದವರಿಗೇ ಬೆಲೆ ತಿಳಿಯದಿದ್ದದ್ದು ಅರ್ಜಿ ನಮೂನೆಗೆ ಹೇಗೆ ತಿಳಿಯುತ್ತದೆ?

ಹಣ ಜನರದು, ಲೆಕ್ಕ ಕೇಳುವುದು ನಿಮ್ಮ ಕರ್ತವ್ಯ. ಕೇಳಿ. ನಾವು ಮಾಡುವ ಹೆಚ್ಚಿನ ಕೆಲಸ ಔಷಧವಾಗುವುದಿಲ್ಲ. ನನ್ನದೂ ಆಗದೆ ಹೋಗಬಹುದು. ಕೇಳುವ ಪ್ರಶ್ನೆ ಬದಲಾಗಲಿ ಎಂಬುದಷ್ಟೇ ನನ್ನ ಕೋರಿಕೆ. ಮೂಲ ವಿಜ್ಞಾನದ ಅರ್ಜಿಗಳಿಂದ ರೋಗದ ಹೆಸರು ಕೇಳುವ ಕಾಲಂ ತೆಗೆಸಿ. ಅದರ ಜಾಗದಲ್ಲಿ, ನಿಮ್ಮ ಊಹೆ ತಪ್ಪೆಂದು ಯಾವ ಪ್ರಯೋಗದಿಂದ ತಿಳಿಯುತ್ತದೆ ಎಂದು ಕೇಳಿ. ನಡುವಿನ ಪರಿಶೀಲನೆಗೆ ವಿಷಯ ಬಲ್ಲವರನ್ನು ಪ್ರಯೋಗಾಲಯಕ್ಕೇ ಕಳುಹಿಸಿ. ನೋಟ್‌ಬುಕ್ ತೆರೆದು ತೋರಿಸುತ್ತೇವೆ, ಕೆಟ್ಟ ಜೆಲ್‌ಗಳ ಸಮೇತ. ಮೂರು ವರ್ಷವನ್ನು ಐದು ಮಾಡಿ.

ಇನ್ನೊಂದು, ಬಹುಶಃ ಎಲ್ಲಕ್ಕಿಂತ ತುರ್ತಿನದು. ಒಂದು ಅನುದಾನ ಮುಗಿದು ಮತ್ತೊಂದು ಬರುವ ನಡುವಿನ ತಿಂಗಳುಗಳಿಗೆ ಅಲ್ಪ ಮೊತ್ತವನ್ನಾದರೂ ಕಾದಿರಿಸಿ. ಹಿಂದಿನ ಬಾರಿ ಅಂಥ ಅಂತರದಲ್ಲಿ ನಮ್ಮ ತಂತ್ರಜ್ಞ ಕೆಲಸ ಬಿಟ್ಟು ಹೋದರು. ಯಾವ ಕೋಶದ ಸೀಸೆ ದ್ರವ ಸಾರಜನಕದ ಯಾವ ಗೂಡಿನಲ್ಲಿದೆ, ಯಾವ ಪ್ರತಿಕಾಯವನ್ನು ಎಷ್ಟು ತೆಳುಮಾಡಿದರೆ ಪಟ್ಟೆ ಸ್ವಚ್ಛವಾಗಿ ಬರುತ್ತದೆ ಎಂಬುದೆಲ್ಲ ಅವರ ತಲೆಯಲ್ಲಿತ್ತು. ಹೊಸ ಹಣ ಬಂದ ಮೇಲೆ ಅವರು ಮಾಡುತ್ತಿದ್ದ ಪ್ರಯೋಗವನ್ನು ಮತ್ತೆ ಸರಿಯಾಗಿ ಮಾಡಲು ನಮಗೆ ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳ ಸಂಬಳ ಅವರಿಗೆ ಕೊಟ್ಟಿದ್ದರೆ ಖರ್ಚು ಎಷ್ಟೋ ಕಡಿಮೆಯಾಗುತ್ತಿತ್ತು.

ಈ ವರ್ಷದ ಅರ್ಜಿಯನ್ನು ಕಳೆದ ವಾರ ಕಳುಹಿಸಿದ್ದೇನೆ. ಎಂದಿನ ಕಾಲಂನ ಎರಡು ಸಾಲಿನಲ್ಲಿ 'ಯಾವ ರೋಗವೆಂದು ಈಗಲೇ ಹೇಳಲಾರೆ. 15ನೇ ನಿಮಿಷದಲ್ಲಿ ಏನಾಗುತ್ತದೆಂದು ನೋಡಬೇಕಿದೆ' ಎಂದು ಬರೆದಿದ್ದೇನೆ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೊಡಿಸಬೇಕೆಂದು ವಿನಂತಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಆಣ್ವಿಕ ಜೀವವಿಜ್ಞಾನಿ