ಬಾಯಿಲ್ಲದ ಮಡಕೆಗಳು

ಪ್ರಿಯ ಓದುಗರೇ,

ನಮ್ಮ ನ್ಯೂಜೆರ್ಸಿಯ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಒಂದು ಕಂಚಿನ ಗಂಟೆ ಇದೆ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ತೀರಿಕೊಂಡ ಅಲ್ಲಿನ ಹಳೆಯ ವಿದ್ಯಾರ್ಥಿಗಳ ನೆನಪಿಗೆ ಕಟ್ಟಿದ್ದು. ಮಕ್ಕಳಿಗೆ ಕ್ಯಾಂಪಸ್ ತೋರಿಸಲು ಹೋದವರು ಅದರ ಪಕ್ಕದಲ್ಲೇ ಹಾದುಹೋಗಿರಬಹುದು. ಅದನ್ನು ಮಾಡಿದವರು ಮಡಕೆ ಮಾಡುವ ಕಲಾವಿದೆ ತೊಶಿಕೊ ತಕಾಯೆಜು.

ತೊಶಿಕೊ ಹುಟ್ಟಿದ್ದು 1922ರಲ್ಲಿ, ಹವಾಯಿಯ ಪೆಪೆಎಕೆಯೊ ಎಂಬ ಊರಿನಲ್ಲಿ. ಅಪ್ಪ ಅಮ್ಮ ಜಪಾನಿನ ಒಕಿನಾವಾದಿಂದ ವಲಸೆ ಬಂದವರು. ಮನೆ ತುಂಬ ಮಕ್ಕಳು, ಹನ್ನೊಂದು ಜನ. ಇವರು ಆರನೆಯವರು. 1955ರಲ್ಲಿ ಜಪಾನಿಗೆ ಹೋಗಿ ಎಂಟು ತಿಂಗಳು ಇದ್ದರು. ದೊಡ್ಡ ದೊಡ್ಡ ಕುಂಬಾರರನ್ನು ಕಂಡರು, ಧ್ಯಾನಕ್ಕೆ ಒತ್ತು ಕೊಡುವ ಬೌದ್ಧ ಪಂಥವಾದ ಝೆನ್ ಅಭ್ಯಾಸ ಮಾಡಿದರು.

ಪೂರ್ವ-ಪಶ್ಚಿಮಗಳ ಸಂಗಮ ಅಂತ ಇವರ ಕೆಲಸಕ್ಕೆ ಹೆಸರಿಟ್ಟು ಸುಮ್ಮನಾಗುವುದು ಸುಲಭ. ನನಗೆ ಅಷ್ಟು ಸಾಲದು.

ಇವರ ಮಡಕೆಗಳಿಗೆ ಬಾಯಿಯೇ ಇಲ್ಲ. ಮೇಲೆ ಪೂರ್ತಿ ಮುಚ್ಚಿ, ಸುಡುವಾಗ ಬಿಸಿಗಾಳಿ ಹೊರಹೋಗಲು ಒಂದು ಸಣ್ಣ ತೂತು ಬಿಡುತ್ತಿದ್ದರು. ಮುಚ್ಚುವ ಮೊದಲು, ಕಾಗದ ಸುತ್ತಿದ ಮಣ್ಣಿನ ಉಂಡೆಯೊಂದನ್ನು ಒಳಗೆ ಹಾಕುತ್ತಿದ್ದರು. ಬೆಂಕಿಗೆ ಕಾಗದ ಸುಟ್ಟುಹೋಗಿ ಉಂಡೆ ಗಟ್ಟಿಯಾಗುತ್ತದೆ. ಮಡಕೆ ಅಲ್ಲಾಡಿಸಿದರೆ ಒಳಗೆ ಗಲಗಲ ಸದ್ದು! ಆಮೇಲೆ ಮಡಕೆಯ ಸುತ್ತ ನಡೆಯುತ್ತಾ ಬಣ್ಣದ ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಸುರಿಯುತ್ತಿದ್ದರು, ಬಳಿಯುತ್ತಿದ್ದರು. ಅವರ ಒಂದು ನೀಲಿಗೆ ಓಹು ದ್ವೀಪದ ಮಕಾಹಾ ಕಡಲತೀರದ ಹೆಸರು.

1959ರಲ್ಲಿ ಹವಾಯಿಯ ಕಿಲವೇಯಾ ಜ್ವಾಲಾಮುಖಿ ಸಿಡಿದಾಗ ಪಕ್ಕದ ಓಹಿಯಾ ಮರಗಳ ಕಾಡು ಹಾಳಾಯಿತು. ಬೋಳು ಕಾಂಡಗಳಷ್ಟೇ ಉಳಿದು ನಿಂತವು. ಅವನ್ನು ಮನಸ್ಸಿನಲ್ಲಿಟ್ಟುಕೊಂಡು ತೊಶಿಕೊ ಎತ್ತರೆತ್ತರದ ಮಣ್ಣಿನ ಕಾಂಡಗಳನ್ನು ಮಾಡಿ ಸಾಲಾಗಿ ನಿಲ್ಲಿಸಿದರು. ಕಾಡೇನೋ ಹವಾಯಿಯದೇ. ಆದರೆ ಸುಟ್ಟ ಮರವನ್ನು ಇಷ್ಟು ಹೊತ್ತು ನೋಡುವ ತಾಳ್ಮೆ ಎಲ್ಲಿಯದು? ಅಪ್ಪ ಅಮ್ಮನದೋ, ಝೆನ್ ಕಲಿಸಿದ್ದೋ, ಇವರದೇ ಆದದ್ದೋ. ಬಿಡಿಸಿ ನೋಡಲು ಹೋದರೆ ನಮಗೆ ಸಿಗುವುದು ಬರೀ ಚೂರುಗಳು.

ಮುಂದೆ ಪ್ರಿನ್ಸ್‌ಟನ್‌ನಲ್ಲಿ 1992ರವರೆಗೆ ಪಾಠ ಮಾಡಿದರು. ನ್ಯೂಜೆರ್ಸಿಯದೇ ಆದ ಕ್ವೇಕರ್‌ಟೌನ್‌ನ ಮನೆಯಲ್ಲಿ ತರಕಾರಿ ಬೆಳೆದರು, ಜೊತೆಗಿದ್ದು ಕಲಿಯುವ ಶಿಷ್ಯರಿಗೆ ಅಡುಗೆ ಮಾಡಿ ಹಾಕಿದರು. ತೋಟ, ಅಡುಗೆ, ಮಡಕೆ ಎಲ್ಲ ಅವರಿಗೆ ಒಂದೇ ಕೆಲಸವಾಗಿತ್ತು.

ನಾವು ಮಾತ್ರ ನಮ್ಮ ಮಕ್ಕಳನ್ನು ಕನ್ನಡ ಎಷ್ಟು, ಅಮೆರಿಕ ಎಷ್ಟು ಅಂತ ಅಳೆಯುತ್ತಲೇ ಇರುತ್ತೇವೆ, ಅಲ್ವಾ? ಈ ಸಲದ ಮಕ್ಕಳ ಕಲಾಪ್ರದರ್ಶನಕ್ಕೆ ‘ನನ್ನ ಎರಡು ಊರು’ ಎಂಬ ವಿಷಯ ಕೊಡೋಣ ಎಂದು ಸಮಿತಿಯಲ್ಲಿ ಮಾತಾಗಿತ್ತು. ಅದನ್ನು ಕೈಬಿಡೋಣ ಎನ್ನುವುದು ನನ್ನ ಕೋರಿಕೆ. ವಿಷಯವನ್ನು ಮಕ್ಕಳೇ ಆರಿಸಿಕೊಳ್ಳಲಿ.